ಬೀಡು ಎಂದು ಬರೆದವನು ನಾನು

೧೮೯೦ರ ಆಸುಪಾಸು. ನಾನಾಗ ಸಿರುಗುಪ್ಪದ ಕಂದಾಯ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತಾರರ ಪ್ರಾಯ, ಬಳ್ಳಾರಿ ಕೋಟೆಯ ಕೆಳಗಿನ ವೈಷ್ಣವ ಮನೆತನ, ಮದರಾಸು ಸರ್ಕಾರದ ಪರೀಕ್ಷೆ ಪಾಸು ಮಾಡಿದ ಗರ್ವ. ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಬಲ್ಲೆನೆಂದು ಎದೆಯುಬ್ಬಿಸಿ ತಿರುಗುತ್ತಿದ್ದೆ. ಈಗ ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದೇನೆ. ಮೊಮ್ಮಕ್ಕಳು ನೌಕರಿಯ ದೊಡ್ಡಸ್ತಿಕೆ ಹೇಳೆಂದು ಪೀಡಿಸುತ್ತಾರೆ. ನನಗೆ ನೆನಪಾಗುವುದು ಒಂದು ತಪ್ಪು. ಅದನ್ನೇ ಹೇಳುತ್ತೇನೆ.

ದೊಡ್ಡ ಬರದಲ್ಲಿ ನಮ್ಮ ಸೀಮೆಯ ಎಷ್ಟೋ ಹೊಲಗಳು ಒಡೆಯರಿಲ್ಲದೆ ಬಿದ್ದುಹೋಗಿದ್ದವು. ಅಂಥ ನೆಲವನ್ನು ಸರ್ಕಾರ ಬಂಜರು ಎಂದು ಬರೆದುಕೊಂಡಿತ್ತು. ಬಂಜರು ಬೇಕೆಂದವನು ಕೊಡುವ ಅರ್ಜಿಗೆ ದರಖಾಸ್ತು ಎನ್ನುತ್ತಿದ್ದರು. ಒಂದೇ ನೆಲಕ್ಕೆ ಇಬ್ಬರು ಅರ್ಜಿ ಹಾಕಿದರೆ ಆ ಊರಲ್ಲಿ ಪಟ್ಟಾ ಇದ್ದವನಿಗೆ ಮೊದಲ ಮಣೆ. ಆದರೆ ಹೊರಗಿನಿಂದ ಬಂದವನು ಆಗಲೇ ನೆಲ ಒಡೆದು ಸಾಗುವಳಿ ಮಾಡಿದ್ದರೆ ಅದನ್ನೂ ಅಧಿಕಾರಿಗಳು ತೂಗಿ ನೋಡಬೇಕಿತ್ತು.

ದೇಶನೂರಿನ ಹಳ್ಳದ ದಂಡೆಯ ಒಂಬತ್ತು ಎಕರೆಗೆ ಎರಡು ದರಖಾಸ್ತು ಬಂದಿದ್ದವು. ಒಂದು ಅದೇ ಊರಿನ ಪಟ್ಟಾದಾರ ಬಸನಗೌಡನದು. ಇನ್ನೊಂದು ಸುಬ್ಬಯ್ಯ ಎಂಬ ಪರಸೀಮೆಯವನದು. ಅವನು ಪೂರ್ವದ ಕರಾವಳಿ ಕಡೆಯಿಂದ ಹೆಂಡತಿ ವೆಂಕಮ್ಮ, ಇಬ್ಬರು ಹೆಣ್ಣುಮಕ್ಕಳು, ಒಂದು ಜೊತೆ ಎತ್ತಿನೊಂದಿಗೆ ಎರಡು ವರ್ಷದ ಹಿಂದೆ ಬಂದವನು. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ಅವನ ಹೇಳಿಕೆ ಬರೆದುಕೊಳ್ಳುವ ಕೆಲಸ ತೆಲುಗು ಬಲ್ಲ ನನ್ನ ಪಾಲಿಗೆ ಬಂತು.

"ಆ ನೆಲಕ್ಕೂ ನಿನಗೂ ಏನು ಸಂಬಂಧ?" ಎಂದು ಕೇಳಿದೆ.

"ಅದಿ ಬೀಡಂಡಿ. ಮೇಮು ವಚ್ಚಿನಪ್ಪುಡು ಅಂತಾ ಬೀಡೇ," ಎಂದ ಸುಬ್ಬಯ್ಯ, ಕೈಮುಗಿದುಕೊಂಡೇ.

ಬೀಡು! ಕನ್ನಡದ ಮಾತೇ ಸಿಕ್ಕಿತಲ್ಲ ಎಂದು ನನಗೆ ಖುಷಿ. ಬೀಡು ಎಂದರೆ ತಂಗುವ ಜಾಗ, ಡೇರೆ ಹಾಕಿ ಬಿಡಾರ ಮಾಡುವ ನೆಲ. ಪಾಪ, ಬಂದಾಗಿನಿಂದ ಅಲ್ಲೇ ಬೀಡುಬಿಟ್ಟಿದ್ದಾನೆ ಎಂದುಕೊಂಡೆ. "ನಾವು ಬಂದಾಗಿನಿಂದ ಅದು ನಮ್ಮ ಬೀಡು" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ನಿಯಮದ ಪ್ರಕಾರ ಬರೆದದ್ದನ್ನು ಓದಿ ಹೇಳಿದೆ. ಅವನು ಬೀಡು ಎಂಬ ಮಾತು ಕೇಳಿ ಸಮಾಧಾನದಿಂದ "ಔನಂಡಿ, ಔನು" ಎಂದು ತಲೆಯಾಡಿಸಿ, ಓದುಬರಹ ಬಾರದ ರೈತರು ಹಾಕುವಂತೆ ಕೆಳಗೆ ನೇಗಿಲ ನಿಶಾನಿ ಗೀಚಿದ. ಆ ನೇಗಿಲನ್ನು ಕಣ್ಣಾರೆ ಕಂಡೂ ನನಗೆ ಏನೂ ಹೊಳೆಯಲಿಲ್ಲ.

ಹೇಳಿಕೆ ತಹಶೀಲ್ದಾರರ ಮುಂದೆ ಹೋಯಿತು. ಅವರು ಓದಿದ್ದನ್ನೇ ನಂಬಿದರು. ಅರ್ಜಿದಾರ ಉಳುವವನಲ್ಲ, ದನ ಕಟ್ಟಿಕೊಂಡು ತಾತ್ಕಾಲಿಕವಾಗಿ ತಂಗಿದ ಅಲೆಮಾರಿ, ಇದು ಅವನದೇ ಬಾಯಿಮಾತು ಎಂದು ತೀರ್ಪಾಯಿತು. ನೆಲ ಬಸನಗೌಡನಿಗೆ. ಸುಬ್ಬಯ್ಯ ಎಂಟು ದಿನದಲ್ಲಿ ಜಾಗ ಖಾಲಿ ಮಾಡಬೇಕು.

ಆ ಹುಕುಂ ಜಾರಿ ಮಾಡಿ ಬರಲು ನನ್ನನ್ನೇ ಕಳಿಸಿದರು. ಜೊತೆಗೆ ದಫೇದಾರ ಇಮಾಮಸಾಬ. ನನ್ನಪ್ಪನ ವಯಸ್ಸಿನ ಮನುಷ್ಯ, ಸಿರುಗುಪ್ಪದಲ್ಲೇ ಹುಟ್ಟಿ ಬೆಳೆದವ, ನಾಲಿಗೆಗೆ ಬೀಗ ಇಲ್ಲದವ. ಮಂಗಳವಾರ ಬೆಳಿಗ್ಗೆ ದೇಶನೂರಿಗೆ ಹೋದೆವು. ಅಲ್ಲಿ ಬಿಡಾರ, ಡೇರೆ, ದನದ ಗುಂಪು ಯಾವುದೂ ಇರಲಿಲ್ಲ. ಎದೆಮಟ್ಟ ಬೆಳೆದ ಬಿಳಿಜೋಳ ತೆನೆಕಟ್ಟಿ ನಿಂತಿತ್ತು. ಬದುವಿನ ಉದ್ದಕ್ಕೂ ಹೊಲದಿಂದ ಆರಿಸಿ ಹಾಕಿದ ಕಲ್ಲಿನ ಸಾಲು. ಒಡ್ಡಿನ ಮೇಲೊಂದು ಸಣ್ಣ ಗುಡಿಸಲು, ಅಷ್ಟೇ.

ನನಗೆ ಸಿಟ್ಟು ಬಂತು. ಈ ಮನುಷ್ಯ ನನಗೆ ಸುಳ್ಳು ಹೇಳಿದನೆಂದೇ ಅನಿಸಿತು. "ಬೀಡು ಅಂತ ಹೇಳಿದೆಯಲ್ಲ ಕಚೇರಿಯಲ್ಲಿ? ಎಲ್ಲಿದೆ ನಿನ್ನ ಬೀಡು?" ಎಂದು ದಬಾಯಿಸಿದೆ.

ಸುಬ್ಬಯ್ಯ ಹೆದರಿದ. ಮೆಲ್ಲಗೆ ನನ್ನನ್ನು ಹಳ್ಳದ ಅಂಚಿಗೆ ಕರೆದುಕೊಂಡು ಹೋಗಿ ಒಂದು ಪಟ್ಟಿ ನೆಲ ತೋರಿಸಿದ. ಕರಿಜಾಲಿ, ಕರಿಕೆ, ಕಲ್ಲು. ನೇಗಿಲು ಮುಟ್ಟದ ಜಾಗ. "ಇದೇ ಬೀಡಂಡಿ. ಎಲ್ಲಾ ಹಿಂಗೇ ಇತ್ತು, ನಾವು ಬಂದಾಗ," ಎಂದ.

ಇಮಾಮಸಾಬ ಹಣೆ ಚಚ್ಚಿಕೊಂಡ. "ಹೋಯ್ತಲ್ರೀ ರಾಯ್ರ! ತೆಲುಗರು ಬೀಳು ಬಿದ್ದ ಹೊಲಕ್ಕ ಬೀಡು ಅಂತಾರ. ನಿಮಗ ಇದು ಗೊತ್ತಿದ್ದಿಲ್ಲೇನು?"

ಗೊತ್ತಿರಲಿಲ್ಲ. ನನ್ನದು ಪುಸ್ತಕದ ತೆಲುಗು, ಪೇಟೆಯ ತೆಲುಗು. ಹೊಲದ ತೆಲುಗು ಕಲಿಯಲು ನಾನು ಯಾವತ್ತು ಹೊಲಕ್ಕಿಳಿದಿದ್ದೆ? ಅವನು "ನಾವು ಬಂದಾಗ ಎಲ್ಲಾ ಪಾಳುನೆಲ" ಎಂದಿದ್ದ. ನಾನು "ಬಂದಾಗಿನಿಂದ ನಮ್ಮ ಬಿಡಾರ" ಎಂದು ಬರೆದಿದ್ದೆ. ಓದಿ ಹೇಳಿದರೂ ತಪ್ಪು ಸಿಕ್ಕಲಿಲ್ಲ, ಯಾಕೆಂದರೆ ಆ ಒಂದು ಮಾತು ಇಬ್ಬರ ಕಿವಿಗೂ ಸರಿಯಾಗಿಯೇ ಕೇಳಿಸಿತ್ತು.

ಅಷ್ಟರಲ್ಲಿ ಬದುವಿನ ಆಚೆ ಬಸನಗೌಡನ ಇಬ್ಬರು ಆಳುಗಳು ಬಂದು ನಿಂತಿದ್ದರು. ಸಲಾಮು ಮಾಡಿ, "ತೆನಿ ಯಾವಾಗ ಕೊಯ್ಯಬೇಕ್ರಿ?" ಎಂದು ನನ್ನನ್ನೇ ಕೇಳಿದರು. ಕೈಯಲ್ಲಿದ್ದ ಹುಕುಂ ನಾನು ಜಾರಿ ಮಾಡಲಿಲ್ಲ. ಅದೂ ಒಂದು ತಪ್ಪೇ, ನೌಕರಿಗೆ ಸಂಚಕಾರ ತರುವ ತಪ್ಪು.

ತಹಶೀಲ್ದಾರರು ಒಮ್ಮೆ ಮಾಡಿದ ತೀರ್ಪನ್ನು ತಾವೇ ಅಳಿಸುವ ಹಾಗಿಲ್ಲ. ಮೇಲ್ಮನವಿ ಕೇಳಬೇಕಾದವರು ನಮ್ಮ ವಿಭಾಗದ ಬಿಳಿಯ ಅಧಿಕಾರಿ, ಎಲ್ಲರೂ ದೊರೆ ಎನ್ನುತ್ತಿದ್ದವರು. ಅವರು ಜಮಾಬಂದಿಗೆ, ಅಂದರೆ ವರ್ಷದ ಕಂದಾಯ ತಪಾಸಣೆಗೆ, ಕುರುಗೋಡಿನಲ್ಲಿ ಮೊಕ್ಕಾಂ ಮಾಡಿದ್ದರು. ಗುರುವಾರ ಬೆಳಿಗ್ಗೆ ಡೇರೆ ಕಿತ್ತು ಬಳ್ಳಾರಿಗೆ, ಅಲ್ಲಿಂದ ರೈಲು ಹತ್ತಿ ಮದರಾಸಿಗೆ ಹೋಗುವವರಿದ್ದರು. ಅವರು ಮತ್ತೆ ಬರುವ ಹೊತ್ತಿಗೆ ಜೋಳ ಬಸನಗೌಡನ ಕಣದಲ್ಲಿರುತ್ತಿತ್ತು, ಸುಬ್ಬಯ್ಯನ ಸಂಸಾರ ಯಾವ ದಾರಿಯಲ್ಲಿರುತ್ತಿತ್ತೋ. ಉಳಿದದ್ದು ಬುಧವಾರ ಒಂದೇ ದಿನ.

"ಸುಮ್ನ ಬಾಯಿ ಮುಚ್ಚಿಕೊಂಡು ಕುಂದ್ರತೀರೋ, ಹೋಗಾಕ ಗಾಡಿ ಕಟ್ಟಸಲೋ?" ಎಂದು ಇಮಾಮಸಾಬ ಕೇಳಿದ. ನಿಜ ಹೇಳುತ್ತೇನೆ, ಮೊದಲನೆಯದರ ಮೇಲೆ ನನಗೆ ಆಸೆ ಹುಟ್ಟಿತ್ತು. ತಪ್ಪು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಮನೆಯಲ್ಲಿ ಹೆಂಡತಿ ಬಸುರಿ. ಆದರೆ ಗುಡಿಸಲಿನ ಮುಂದೆ ಆ ಎರಡು ಹೆಣ್ಣುಮಕ್ಕಳು ನಮ್ಮ ಎತ್ತಿಗೆ ಹಸಿ ದಂಟು ತಂದು ಹಾಕುತ್ತಿದ್ದವು. ನನಗೆ ನಾಚಿಕೆಯಾಯಿತು. ಗಾಡಿ ಕಟ್ಟಿಸು ಎಂದೆ.

ಬುಧವಾರ ನಸುಕಿನಲ್ಲಿ ಹೊರಟೆವು. ತೀರ್ಪು ಗೌಡನ ಕಡೆಗಾಗಿದೆ, ದೊರೆಯನ್ನು ಕಾಣಬೇಕು ಎಂದಷ್ಟೇ ಹೇಳಿ, ಸುಬ್ಬಯ್ಯನೊಬ್ಬನೇ ಸಾಕೆಂದಿದ್ದೆ. ವೆಂಕಮ್ಮ ಒಪ್ಪಲಿಲ್ಲ. ಈತ ದೊಡ್ಡವರು ಏನು ಓದಿದರೂ ಔನು ಎನ್ನುತ್ತಾನೆ, ನಾನೂ ಬರುತ್ತೇನೆ ಎಂದು ಹಟ ಹಿಡಿದು ಸಣ್ಣ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ದಾರಿಯಲ್ಲಿ ಗಾಡಿಯ ಅಚ್ಚು ಒಂದು ಸಲ ಕೈಕೊಟ್ಟಿತು. ಅದನ್ನು ಸರಿಮಾಡುವಷ್ಟು ಹೊತ್ತು ನಾನು ರಸ್ತೆಯಲ್ಲಿ ಹುಚ್ಚನ ಹಾಗೆ ಶತಪಥ ಹಾಕಿದೆ. ಕುರುಗೋಡಿನ ಗುಡ್ಡ ಕಣ್ಣಿಗೆ ಬಿದ್ದಾಗ ಹೊತ್ತು ಇಳಿಯುತ್ತಿತ್ತು. ಹುಣಸೆಯ ತೋಪಿನಲ್ಲಿ ದೊರೆಯ ಡೇರೆಗಳು ಇನ್ನೂ ನಿಂತಿದ್ದವು, ಆದರೆ ಪೆಟ್ಟಿಗೆಗಳನ್ನು ಗಾಡಿಗೆ ಹೇರಲು ಶುರುಮಾಡಿದ್ದರು.

ದೊರೆ ಪರೀಕ್ಷೆಗೆಂದು ಕಲಿತ ಬಿಗಿ ಕನ್ನಡ ಆಡುತ್ತಿದ್ದರು. ನಾನು ನಿಂತಲ್ಲೇ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಕೊಂಡೆ. ಅವರು ಕಾಗದ ಓದಿ ನನ್ನನ್ನು ದಿಟ್ಟಿಸಿದರು.

"ಹೇಳಿಕೆಯನ್ನು ಓದಿ ಹೇಳಲಾಗಿದೆ. ರೈತನು ಒಪ್ಪಿದ್ದಾನೆ. ಈಗ ನೀನು ಅರ್ಥ ಬದಲಿಸುತ್ತೀ. ಹೀಗೆ ಹೇಳೆಂದು ನಿನಗೆ ಯಾರು ಹೇಳಿಕೊಟ್ಟರು?"

ಅವರಿಗೆ ಲಂಚದ ಗುಮಾನಿ ಬಂದಿತ್ತು, ಬರುವಂಥದ್ದೇ. ಯಾರೂ ಇಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಸುಬ್ಬಯ್ಯನನ್ನೂ ಇಮಾಮಸಾಬನನ್ನೂ ತೋಪಿನ ಆಚೆ ತುದಿಗೆ ಕಳಿಸಿದರು. ನನಗೆ ತುಟಿ ಎರಡು ಮಾಡಕೂಡದೆಂದು ತಾಕೀತು ಮಾಡಿ ವೆಂಕಮ್ಮನನ್ನು ಕರೆಸಿದರು. ತಮ್ಮ ತೆಲುಗು ಮುನಷಿಗೆ ಒಂದೇ ಪ್ರಶ್ನೆ ಹೇಳಿಕೊಟ್ಟರು.

ಮುನಷಿ ಕೇಳಿದ: "ಮೀ ಬೀಡು ಎಕ್ಕಡುಂದಿ?" ನಿಮ್ಮ ಬೀಡು ಎಲ್ಲಿದೆ?

ಆಕೆ ದೇಶನೂರು ಎಂದರೆ, ಹಳ್ಳದ ದಂಡೆ ಎಂದರೆ ಮುಗಿಯಿತು. ಆ ಉತ್ತರ ಎರಡೂ ಅರ್ಥಕ್ಕೆ ಒಗ್ಗುತ್ತದೆ, ಯಾವುದನ್ನೂ ಸಾಬೀತು ಮಾಡುವುದಿಲ್ಲ. ವೆಂಕಮ್ಮ ಬೆದರಿ ದೂರದಲ್ಲಿದ್ದ ಗಂಡನ ಕಡೆ ನೋಡಿದಳು. ಮುನಷಿ ಇನ್ನೊಮ್ಮೆ ಕೇಳಿದ. ಆಗ ಆಕೆಯ ಮುಖ ಕೆಂಪಾಯಿತು. ಯಾರೋ ಆಕೆಯನ್ನು ಸೋಮಾರಿ ಎಂದು ಬೈದ ಹಾಗೆ ಸಿಡಿದು ನುಡಿದಳು:

"ಇಂಕಾ ಬೀಡೆಕ್ಕಡಿದಿ ಬಾಬೂ? ಅಂತಾ ದುನ್ನೇಶಾಂ ಗದಾ!"

ಇನ್ನೆಲ್ಲಿಯ ಬೀಡು ಅಪ್ಪಾ, ಎಲ್ಲಾ ಉತ್ತುಬಿಟ್ಟೆವಲ್ಲ! ಮುನಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆಕೆ ಅಷ್ಟಕ್ಕೇ ನಿಲ್ಲದೆ ಮಗುವನ್ನು ಕೆಳಗಿಳಿಸಿ ಎರಡೂ ಅಂಗೈ ಬಿಡಿಸಿ ಮೇಜಿನ ಮುಂದೆ ಚಾಚಿದಳು. ಕಲ್ಲು ಹೊತ್ತು ಜಡ್ಡುಗಟ್ಟಿದ ಕೈಗಳು. ದೊರೆ ಬಿಡಾರವನ್ನು ಯಾರೂ ಉಳುವುದಿಲ್ಲ ಎಂದು ಕನ್ನಡದಲ್ಲಿ ತಮಗೆ ತಾವೇ ಹೇಳಿಕೊಂಡು ಲೇಖನಿ ಎತ್ತಿಕೊಂಡರು.

ತಹಶೀಲ್ದಾರರ ತೀರ್ಪು ರದ್ದು. ಸ್ಥಳ ನೋಡಿ ಹೊಸದಾಗಿ ವಿಚಾರಣೆ ಆಗಬೇಕು. ಅಲ್ಲಿಯವರೆಗೆ ನಿಂತ ಬೆಳೆಯನ್ನು ಸುಬ್ಬಯ್ಯನ ಹೊರತು ಯಾರೂ ಮುಟ್ಟಕೂಡದು. ಗುಮಾಸ್ತನಿಗೆ ಎರಡು ವರ್ಷ ಬಡ್ತಿ ಇಲ್ಲ. ಕೊನೆಯ ಸಾಲನ್ನು ಅವರು ನನ್ನ ಕೈಯಿಂದಲೇ ನಕಲು ಮಾಡಿಸಿದರು.

ಮರುದಿನ ಗಂಡಹೆಂಡಿರನ್ನು ದೇಶನೂರಿಗೆ ಬಿಟ್ಟು ಬರಲು ಹೋದೆ. ಸುಬ್ಬಯ್ಯ ಗಾಡಿಯಿಂದಿಳಿದವನೇ ನನ್ನ ಕಾಲಿಗೆ ಬಿದ್ದ. ನೀವು ದೇವರ ಹಾಗೆ ಬಂದು ಕಾಪಾಡಿದಿರಿ ಎಂದ. ದೊರೆಯ ಮುಂದೆ ನಾನು ಒಪ್ಪಿಕೊಂಡದ್ದೆಲ್ಲ ಅವರಿಬ್ಬರಿಗೂ ತಿಳಿಯದ ಮಾತಿನಲ್ಲಿ ನಡೆದಿತ್ತು. ಇಮಾಮಸಾಬ ನನ್ನ ಮುಖ ನೋಡಿದ. ಆ ನಮಸ್ಕಾರ ತೆಗೆದುಕೊಂಡು ಹೊರಟುಬಿಡಬಹುದಿತ್ತು. ಆಗಲಿಲ್ಲ. ಅವನನ್ನು ಎಬ್ಬಿಸಿ ನನಗೆ ಬರುವ ತೆಲುಗಿನಲ್ಲಿ ಹೇಳಿದೆ: ನಿನ್ನ ಮಾತು ತಪ್ಪಾಗಿ ಬರೆದು ನಿನ್ನನ್ನು ಇಲ್ಲಿಂದ ಎಬ್ಬಿಸಲು ಹೊರಟವನು ನಾನೇ.

ಸುಬ್ಬಯ್ಯ ಬೆಪ್ಪಾಗಿ ನಿಂತ. ವೆಂಕಮ್ಮ ಮಾತ್ರ ನನ್ನನ್ನು ನೆಟ್ಟ ನೋಟದಿಂದ ನೋಡುತ್ತ ಒಂದು ಪ್ರಶ್ನೆ ಕೇಳಿದಳು. ಬೈಗುಳವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. "ಬರೆಯುವ ಮುಂಚೆ ಹೊಲ ನೋಡಲಿಕ್ಕೆ ನೀವು ಬರಲೇ ಇಲ್ಲವಾ ಅಯ್ಯಾ?"

ಸಿರುಗುಪ್ಪದಿಂದ ಆ ಹೊಲಕ್ಕೆ ಒಂದು ಬೆಳಗಿನ ದಾರಿ. ಆಕೆ ಮಗುವನ್ನೆತ್ತಿಕೊಂಡು ಜೋಳದೊಳಗೆ ಹಕ್ಕಿ ಕಾಯಲು ಹೋದಳು.

ಹೊಸ ವಿಚಾರಣೆಯಲ್ಲಿ ಪಟ್ಟಾ ಸುಬ್ಬಯ್ಯನಿಗೇ ಆಯಿತು. ನನ್ನ ನೌಕರಿ ಉಳಿಯಿತು, ಆಮೇಲೆ ಇಪ್ಪತ್ತೆಂಟು ವರ್ಷ ಮಾಡಿದೆ. ಹೇಳಿಕೆ ಬರೆದ ಮೇಲೆ ಅದನ್ನು ಓದಿ ಹೇಳುವುದರ ಮೇಲೆ ನಾನು ಮತ್ತೆ ಭರವಸೆ ಇಡಲಿಲ್ಲ. ಕಾಗದ ಮಡಚಿಟ್ಟು, ಅದೇ ಸಂಗತಿಯನ್ನು ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಪ್ಪಾ ಎನ್ನುತ್ತಿದ್ದೆ. ನೆಲದ ವಿಷಯವಾದರೆ ಮೊದಲು ಆ ನೆಲಕ್ಕೆ ಹೋಗಿ ನಿಂತು, ಆಮೇಲೆ ಲೇಖನಿ ಹಿಡಿಯುತ್ತಿದ್ದೆ. ಇದರಿಂದ ಕಡತಗಳು ನನ್ನ ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ಮೇಲಿನವರು ನನ್ನ ಸರ್ವಿಸ್ ಪುಸ್ತಕದಲ್ಲಿ "ಕೆಲಸ ಬಹಳ ನಿಧಾನ" ಎಂದು ಎರಡು ಸಲ ಬರೆದಿದ್ದಾರೆ. ಅವರು ಬರೆದದ್ದು ಸರಿಯಾಗಿಯೇ ಇದೆ.