ಕೊನೆಯ ಬೆಂಚಿನ ಹಾಜರಿ

ಎಂಬಿಬಿಎಸ್ ಮೊದಲ ವರ್ಷದ ಪರೀಕ್ಷೆಗೆ ಎರಡು ತಿಂಗಳಿರುವಾಗ, ಹಾಜರಿ ಕಡಿಮೆ ಇರುವವರ ಪಟ್ಟಿಯನ್ನು ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಿದರು. ಪಟ್ಟಿಯ ಮೊದಲ ನಂಬರು ನನ್ನದು. ಫಿಸಿಯಾಲಜಿ ಪಾಠಗಳಿಗೆ ನೂರಕ್ಕೆ ಎಪ್ಪತ್ತೈದು ಇರಬೇಕಾದ ಕಡೆ ನನಗೆ ನಲವತ್ತೊಂದು. ಇಷ್ಟಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಾನು ಒಂದೇ ಒಂದು ದಿನವೂ ಕ್ಲಾಸು ತಪ್ಪಿಸಿರಲಿಲ್ಲ.

ನಮ್ಮ ಮನೆ ಪೀಣ್ಯದಲ್ಲಿ. ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಬ್ಬಿಣದ ಭಾಗಗಳನ್ನು ಕಾಯಿಸಿ ಗಟ್ಟಿ ಮಾಡುವ ಕಾರ್ಖಾನೆಯೊಂದರಲ್ಲಿ ಅಪ್ಪನಿಗೆ ಕುಲುಮೆಯ ಮುಂದೆ ಕೆಲಸ. ಅಮ್ಮ ಮನೆಯಲ್ಲೇ ಕೂತು, ಅಚ್ಚಿನಿಂದ ಬಂದ ಅಲ್ಯೂಮಿನಿಯಂ ಪೀಸುಗಳ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿ ಕೊಡುತ್ತಿದ್ದಳು. ಏಳನೇ ಕ್ಲಾಸಿನಿಂದ ನಾನೂ ಸಂಜೆ ಅವಳ ಪಕ್ಕ ಕೂರುತ್ತಿದ್ದೆ. ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿದ ಮೇಲೂ ಅದು ನಿಲ್ಲಲಿಲ್ಲ. ಉಜ್ಜುತ್ತಾ ಉಜ್ಜುತ್ತಾ ಅಂದಿನ ಪಾಠವನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓಡಿಸಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು.

ಕಾಲೇಜಿನಲ್ಲಿ ಫಿಸಿಯಾಲಜಿ ಪಾಠದ ಹಾಲಿನ ಬಾಗಿಲಲ್ಲಿ ಬೆರಳಚ್ಚಿನ ಯಂತ್ರವಿತ್ತು. ಉಳಿದವರೆಲ್ಲ ಹೆಬ್ಬೆರಳು ಒತ್ತಿ, ಹಸಿರು ದೀಪ ಕಂಡು ಒಳಗೆ ಹೋಗುತ್ತಿದ್ದರು. ನನಗೆ ಮಾತ್ರ ಹೆಚ್ಚಿನ ದಿನ ಕೆಂಪು. ಮತ್ತೆ ಒತ್ತಿದರೆ ಮತ್ತೆ ಕೆಂಪು. ಹಿಂದಿನ ಸಾಲಿನಿಂದ “ಬೇಗ ಕಣೇ” ಅನ್ನುವ ಗದ್ದಲ. ಯಂತ್ರದ ಪಕ್ಕ ಕೂರುವ ಅಟೆಂಡರ್ ಅಣ್ಣನಿಗೆ ಹೇಳಿದಾಗ, “ಒಳಗೆ ಹೋಗಮ್ಮ, ಬೆಳಿಗ್ಗೆ ಹೊತ್ತು ಇಂಗೇ ಮಾಡುತ್ತೆ. ಆಮೇಲೆ ಸರಿ ಹೋಗುತ್ತೆ” ಎಂದಿದ್ದ. ನಾನು ನಂಬಿದೆ. ನಿಜ ಹೇಳಬೇಕೆಂದರೆ, ಇನ್ನೊಬ್ಬರನ್ನು ಕೇಳುವ ಧೈರ್ಯವೂ ಇರಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು ನಾನು. ಬಾಯಿ ತೆರೆದರೆ ನನ್ನ ಇಂಗ್ಲಿಷಿಗೆ ನಗುತ್ತಾರೆ ಅಂತ ಕೊನೆಯ ಬೆಂಚು ಹಿಡಿದು, ವರ್ಷವಿಡೀ ಒಂದು ಪ್ರಶ್ನೆ ಕೇಳದೆ, ಒಂದು ಉತ್ತರ ಹೇಳದೆ ಕಳೆದಿದ್ದೆ.

ಪಟ್ಟಿ ನೋಡಿ ಆಫೀಸಿಗೆ ಓಡಿದೆ. ಅಲ್ಲಿನ ಗುಮಾಸ್ತರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಮೆಷಿನ್ ಸುಳ್ಳು ಹೇಳಲ್ಲಮ್ಮ.”

“ಅನಾಟಮಿಯಲ್ಲಿ ನಂಬರ್ ಕೂಗ್ತಾರಲ್ಲ ಸಾರ್, ಅಲ್ಲಿ ಫುಲ್ ಅಟೆಂಡೆನ್ಸ್ ಇದೆ. ನೋಡಿ ಬೇಕಾದ್ರೆ.”

“ಅದು ಬೇರೆ, ಇದು ಬೇರೆ. ನಿಮ್ ಪ್ರೊಫೆಸರ್ ಬರ್ದು ಕೊಟ್ರೆ ನೋಡೋಣ.”

ಫಿಸಿಯಾಲಜಿ ಪ್ರೊಫೆಸರ್ ಕಟ್ಟುನಿಟ್ಟಿನ ಹೆಂಗಸು. ಅವರ ಕೋಣೆಯಲ್ಲಿ ನಿಂತು ವಿಷಯ ಹೇಳಿದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ನಿಮ್ಮನ್ನ ನಾನು ಯಾವತ್ತೂ ನೋಡಿದ ನೆನಪೇ ಇಲ್ವಲ್ಲ.”

ಗುಮಾಸ್ತರ ಮಾತು ಚುಚ್ಚಿರಲಿಲ್ಲ, ಇದು ಚುಚ್ಚಿತು. ವರ್ಷವಿಡೀ ಅವರೆದುರು ಕೂತಿದ್ದೇನೆ, ಅವರ ಒಂದೊಂದು ಮಾತನ್ನೂ ಬರೆದುಕೊಂಡಿದ್ದೇನೆ. ಯಂತ್ರಕ್ಕೆ ಕಾಣದಿದ್ದರೆ ಹೋಗಲಿ, ಅವರಿಗೂ ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಕೂರುವ ಗೆಳತಿ ಸಾಕ್ಷಿ ಹೇಳುತ್ತಾಳೆ ಅಂದೆ. “ಗೆಳತೀರು ಗೆಳತೀರ ಪರವಾಗೇ ಹೇಳೋದು” ಅಂದರು. ನೋಟ್ಸ್ ತೋರಿಸಿದೆ. “ನೋಟ್ಸ್ ಯಾರದ್ದಾದ್ರೂ ಕಾಪಿ ಮಾಡ್ಬಹುದು.”

ಕಣ್ಣು ತುಂಬಿ ಬಂತು. ಅವರು ತಮ್ಮ ಡೈರಿ ತೆಗೆದು ಹಾಳೆ ತಿರುವಿದರು. “ಆಯ್ತು. ನೋಟ್ಸ್ ಮುಚ್ಚಿಡಿ. ಕಿಡ್ನಿಯ ಮೊದಲನೇ ಕ್ಲಾಸು. ಅವತ್ತು ಏನಾಯ್ತು ಹೇಳಿ. ಪುಸ್ತಕದಲ್ಲಿ ಇರೋದು ಬೇಡ.”

ಕಣ್ಣು ಮುಚ್ಚಿದೆ. ಆ ಸಂಜೆ ಪೀಸು ಉಜ್ಜುತ್ತಾ ಓಡಿಸಿಕೊಂಡಿದ್ದ ಪಾಠ ಹಾಗೆಯೇ ಎದುರು ಬಂದು ನಿಂತಿತು.

“ಪ್ರೊಜೆಕ್ಟರ್ ಕೆಟ್ಟಿತ್ತು ಮೇಡಂ. ನೀವು ಬೋರ್ಡ್ ಮೇಲೇ ನೆಫ್ರಾನ್ ಬರೆದ್ರಿ. ಹಳದಿ ಚಾಕ್ ಇರ್ಲಿಲ್ಲ ಅಂತ ಹಸಿರು ತಗೊಂಡ್ರಿ. ಕಿಡ್ನಿ ದಿನಕ್ಕೆ ನೂರ ಎಂಬತ್ತು ಲೀಟರ್ ಸೋಸಿ, ಹೆಚ್ಚುಕಮ್ಮಿ ಎಲ್ಲಾನೂ ವಾಪಸ್ ತಗೊಳ್ಳುತ್ತೆ, ಇಷ್ಟು ಜಿಪುಣ ಅಂಗ ಬೇರೆ ಇಲ್ಲ ಅಂದ್ರಿ. ಎಲ್ರೂ ನಕ್ಕರು.”

ಅವರ ಹುಬ್ಬು ಏರಿತು. ಇನ್ನೊಂದು ಹಾಳೆ ತಿರುವಿದರು. ಹೇಳಿದೆ. ಇನ್ನೊಂದು. ಹೃದಯದ ಸದ್ದುಗಳನ್ನು ಅವರು ಮೇಜು ತಟ್ಟಿ ತೋರಿಸಿದ್ದು, ಕೈಬಳೆ ಮೇಜಿಗೆ ಬಡಿದು ಮೂರನೇ ಸದ್ದು ಬಂದಾಗ “ಇದು ರೋಗ ಅಲ್ಲ, ನನ್ನ ಬಳೆ” ಎಂದದ್ದು, ಎಲ್ಲ ಹೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳುತ್ತಿತ್ತು.

“ಮತ್ತೊಂದು ದಿನ ನೀವು ಬೋರ್ಡ್ ಮೇಲೆ ಒಂದು ಬಾಣ ತಪ್ಪಾಗಿ ಹಾಕಿದ್ರಿ ಮೇಡಂ” ಎಂದುಬಿಟ್ಟೆ. “ನೆಫ್ರಾನಿನ ಹೆನ್ಲೆ ಕುಣಿಕೆಯಲ್ಲಿ ನಳಿಕೆ ಕೆಳಗಿಳಿಯೋ ಕಡೆ ನೀರು ಹೊರಗೆ ಹೋಗ್ಬೇಕು. ನೀವು ಒಳಗೆ ಹಾಕಿದ್ರಿ. ಮಾರನೇ ಕ್ಲಾಸಲ್ಲಿ ಸರಿ ಮಾಡಿದ್ರಿ.”

ಪ್ರೊಫೆಸರ್ ಡೈರಿ ಮುಚ್ಚಿದರು. “ಅದನ್ನ ಅವತ್ತೇ ನೋಡಿದ್ರಾ?”

“ಹೌದು ಮೇಡಂ.”

“ಮತ್ತೆ ಯಾಕ್ರೀ ಹೇಳ್ಲಿಲ್ಲ? ನೂರೈವತ್ತು ಜನ ಒಂದು ದಿನ ಪೂರ್ತಿ ತಪ್ಪು ಬಾಣ ಇಟ್ಕೊಂಡು ಓಡಾಡಿದ್ರಲ್ಲ!”

ಅವರು ನನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿ, ಅಲ್ಲೇ ಫೋನ್ ಎತ್ತಿ ಚರ್ಮರೋಗ ವಿಭಾಗಕ್ಕೆ ಮಾತಾಡಿದರು. ಅಲ್ಲಿನ ಡಾಕ್ಟರು ನನ್ನ ಬೆರಳುಗಳನ್ನು ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, “ಮನೇಲಿ ಏನು ಕೆಲಸ ಮಾಡ್ತೀಯಮ್ಮ?” ಎಂದರು. ಹೇಳಿದೆ. ಬೆರಳಿನ ಗೆರೆಗಳು ಸವೆದಿವೆ, ಉಜ್ಜುವುದು ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಮೂಡುತ್ತವೆ ಎಂದು ಬರೆದು ಸಹಿ ಹಾಕಿದರು.

ಆ ಸಂಜೆ ವಿಷಯ ತಿಳಿದು ಅಮ್ಮ ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. “ಅಂಗಾದ್ರೆ ನನ್ನಿಂದ್ಲೇ ಆಗಿದ್ದಾ ಇದು?”

“ಇಲ್ಲಮ್ಮ, ನಿನ್ನ ಪಕ್ಕ ಕೂತಿದ್ದಕ್ಕೇ ಪಾಠ ಎಲ್ಲಾ ನೆನಪಿತ್ತು” ಅಂದೆ. ಅವಳು ನಗಲಿಲ್ಲ. ಪೀಸುಗಳ ಬುಟ್ಟಿಯನ್ನು ನನ್ನಿಂದ ದೂರ ಎಳೆದಿಟ್ಟು, “ಇನ್ಮೇಲೆ ಇದನ್ನ ಮುಟ್ಟಿದ್ರೆ ನೋಡು” ಎಂದಳು.

ವಾರದೊಳಗೆ ನನ್ನ ಹಾಜರಿ ಸರಿಯಾಯಿತು. ಗೆರೆಗಳು ಮೂಡುವವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಅನುಮತಿ ಸಿಕ್ಕಿತು. ಆದರೆ ಪ್ರೊಫೆಸರ್ ಒಂದು ಷರತ್ತು ಹಾಕಿದರು. “ನೀವು ಬಂದಿದ್ದೀರಿ ಅಂತ ಪೇಪರ್ ಮೇಲೆ ಸರಿ ಮಾಡಿದ್ದೀನಿ. ನಾಳೆಯಿಂದ ನನಗೂ ಗೊತ್ತಾಗ್ಬೇಕು. ಮೊದಲನೇ ಬೆಂಚು. ಪ್ರತಿ ಕ್ಲಾಸಲ್ಲಿ ಒಂದು ಪ್ರಶ್ನೆ.”

ಮರುದಿನ ದೇಹದಲ್ಲಿ ಉಪ್ಪನ್ನು ಉಳಿಸುವ ಹಾರ್ಮೋನಿನ ಪಾಠ. ಮೊದಲ ಬೆಂಚಿನಲ್ಲಿ ಕೂತ ನನ್ನ ಅಂಗೈ ಬೆವರಿತ್ತು. ಕೊನೆಗೆ ಎದ್ದು ನಿಂತೆ. ಇಂಗ್ಲಿಷಿನಲ್ಲಿ ಶುರು ಮಾಡಿ ಎರಡನೇ ವಾಕ್ಯಕ್ಕೆ ಸಿಕ್ಕಿಕೊಂಡೆ. ಹಿಂದೆ ಯಾರೋ ಕಿಸಕ್ಕೆಂದರು.

“ಕನ್ನಡದಲ್ಲೇ ಕೇಳಿ” ಅಂದರು ಪ್ರೊಫೆಸರ್.

“ಮೇಡಂ, ನಮ್ಮಪ್ಪ ಪೀಣ್ಯದಲ್ಲಿ ಕುಲುಮೆ ಮುಂದೆ ಕೆಲಸ ಮಾಡ್ತಾರೆ. ಅಲ್ಲಿ ಹೊಸದಾಗಿ ಸೇರಿದವರ ಅಂಗಿ ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆ ಕಾಣುತ್ತಂತೆ. ಸ್ವಲ್ಪ ವಾರ ಆದ್ಮೇಲೆ ಅದೇ ಜನ, ಅದೇ ಬಿಸಿ, ಬೆವರು ಇನ್ನೂ ಜಾಸ್ತಿ, ಆದ್ರೆ ಆ ಗೆರೆ ಕಮ್ಮಿ ಆಗುತ್ತಂತೆ. ಈ ಹಾರ್ಮೋನು ಕಿಡ್ನಿಯಲ್ಲಿ ಮಾಡೋ ಕೆಲಸಾನ ಬೆವರಿನ ಗ್ರಂಥಿಯಲ್ಲೂ ಮಾಡುತ್ತಾ?”

ಪ್ರೊಫೆಸರ್ ಮುಖ ಅರಳಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಕೈಯಲ್ಲಿದ್ದ ರಿಮೋಟನ್ನು ಮೇಜಿನ ಮೇಲಿಟ್ಟು, “ನನ್ನ ಮುಂದಿನ ಮೂರು ಸ್ಲೈಡ್ ಇದೇನೇ. ಈ ಹುಡುಗಿ ಪೀಣ್ಯದಿಂದ ತಂದ್ಬಿಟ್ಟಿದ್ದಾಳೆ” ಎಂದರು. ನನ್ನ ಕಡೆ ಚಾಕ್ ಚಾಚಿದರು. “ಬನ್ನಿ. ನೀವೇ ವಿವರಿಸಿ.”

ವೇದಿಕೆಯ ಎರಡು ಮೆಟ್ಟಿಲು ಹತ್ತಿದೆ. ಬೆವರಿನ ಗ್ರಂಥಿಯೊಂದನ್ನು ಬರೆದು, ಉಪ್ಪು ರಕ್ತಕ್ಕೆ ಮರಳುವ ದಾರಿಗೆ ಬಾಣ ಹಾಕಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ನೂರೈವತ್ತು ಜನ ತಲೆ ಬಗ್ಗಿಸಿ ನನ್ನ ಬಾಣವನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು.