ರೋಣದ ಮಿಸ್ತ್ರಿ ಮತ್ತು ಹಳದಿ ದೀಪ

ರೋಣದ ಆ ಮಿಸ್ತ್ರಿ ಟ್ರ್ಯಾಕ್ಟರ್ ರಿಪೇರಿಯಲ್ಲೇ ವಯಸ್ಸು ಕಳೆದವನು. ನನ್ನ ಕಾರಿನ ಬಾನೆಟ್ ಎತ್ತಿದಾಗಲೆಲ್ಲ ಎತ್ತಿನ ಬೆನ್ನು ತಟ್ಟಿದಂತೆ ಎಂಜಿನ್ ತಟ್ಟುತ್ತಿದ್ದ. ಸ್ಟೇರಿಂಗ್ ಮುಂದಿನ, ಎಂಜಿನ್ ಕೆಟ್ಟಿದೆ ಎನ್ನುವ ಹಳದಿ ದೀಪ ಮಾತ್ರ ಆರುತ್ತಿರಲಿಲ್ಲ. ಸ್ಕ್ಯಾನರ್ ಹಚ್ಚಿದರೆ ಪ್ರತಿ ಸಲವೂ ಅದೇ ಕೋಡು: ಎಂಜಿನ್ನಿನ ಕವಾಟ ತೆರೆಯುವ ಕ್ಯಾಮ್‌ಶಾಫ್ಟಿನ ಟೈಮಿಂಗ್ ತಪ್ಪಿದೆ. ಅವನು ಸೆನ್ಸರ್ ಬದಲಿಸಿದ, ವೈರು ಬದಲಿಸಿದ, ಕೊನೆಗೆ ಚೈನನ್ನೂ ಬದಲಿಸಿದ.

“ಆತ್ರಿ, ಇನ್ನ ಚಿಂತಿ ಬಿಡ್ರಿ” ಎನ್ನುತ್ತಿದ್ದ ಪ್ರತಿ ಸಲ.

ದಾರಿಯ ಯಾವಗಲ್ ಊರು ಮುಟ್ಟುವುದರೊಳಗೆ ದೀಪ ಮತ್ತೆ ಹತ್ತುತ್ತಿತ್ತು. ಅವ್ವನನ್ನು ದವಾಖಾನೆಗೆ ಒಯ್ಯುವ ದಿನ ಕಾರು ಜಗ್ಗಲಾರದೆ ದಾರಿಯಲ್ಲೇ ನಿಂತಿತು. ಅವ್ವ ಯಾರದೋ ಟ್ರ್ಯಾಕ್ಟರಿನಲ್ಲಿ ಕೂತು ಹೋದಳು.

ಕಾರನ್ನು ಗದಗಿಗೆ ಎಳೆಸಿದೆ. ಅಲ್ಲಿನ ಮೆಕ್ಯಾನಿಕ್ ಎಂಜಿನ್ ಎಣ್ಣೆ ಇಳಿಸಿ ನೋಡಿದ. “ಇದು ಟ್ರ್ಯಾಕ್ಟರ್ ಎಣ್ಣಿ ಐತ್ರಿ. ಭಾಳ ದಪ್ಪ. ಕ್ಯಾಮ್‌ಶಾಫ್ಟಿನ ಸಣ್ಣ ತೂತಿನ್ಯಾಗ ಹೋಗೂದಿಲ್ಲ, ಅದಕ್ಕ ಟೈಮಿಂಗ್ ತಪ್ಪತೈತಿ.” ತೆಳು ಎಣ್ಣೆ ಹಾಕಿದ ಮೇಲೆ ದೀಪ ಆರಿತು.

ರೋಣಕ್ಕೆ ಬಂದು ಮಿಸ್ತ್ರಿಯ ಮೇಲೆ ಹರಿಹಾಯ್ದೆ. ಪೂರ್ತಿ ಕೇಳಿಸಿಕೊಂಡು ಮುಖ ಸಣ್ಣದು ಮಾಡಿದ. “ನಿಮ್ಮ ಗಾಡಿ ಅಂತ ಮುದ್ದಾಂ ಆರಿಸಿ, ಛಲೋ ದಪ್ಪಂದು ಹಾಕಿದ್ನಿರಿ.”

ಬಾನೆಟ್ ಎತ್ತಿ, ಹೊಸ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಲೊಚಗುಟ್ಟಿದ. “ಪಾಪ, ಬರೇ ನೀರ ಹಾಕ್ಯಾರ್ರಿ.” ನಾನು ಕೈ ಹಿಡಿಯುವಷ್ಟರಲ್ಲಿ ಟ್ರ್ಯಾಕ್ಟರ್ ಎಣ್ಣೆಯ ಡಬ್ಬಿ ಅರ್ಧ ಖಾಲಿಯಾಗಿತ್ತು.

“ಆತ್ರಿ,” ಎಂದ, ಎಂಜಿನ್ ತಟ್ಟುತ್ತ. “ಇನ್ನ ಚಿಂತಿ ಬಿಡ್ರಿ.”