ಕಣ್ಣು ಹೊಡೆಯಲು ಕಲಿತ ಶೇಷಸೊನ್ನೆ ಟೀಚರ್

ಆ ಹೈಸ್ಕೂಲಿನ ಗಣಿತದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಶೇಷಸೊನ್ನೆ. ಭಾಗಾಕಾರದ ಲೆಕ್ಕ ಕೊಟ್ಟರೆ ಉತ್ತರದ ಕೆಳಗೆ ‘ಶೇಷ ಸೊನ್ನೆ’ ಎಂದು ಬರೆಸದೆ ಬಿಡುತ್ತಿರಲಿಲ್ಲ ಎಂಬುದು ಒಂದು ಕಾರಣ. ಅವರ ಕೈಗೆ ಸಿಕ್ಕಿಬಿದ್ದವರಲ್ಲಿ ಕೊನೆಗೆ ಉಳಿಯುವುದೂ ಅಷ್ಟೇ ಎಂಬುದು ಇನ್ನೊಂದು. ಹದಿನೆಂಟು ವರ್ಷದ ನೌಕರಿಯಲ್ಲಿ ಅವರು ತರಗತಿಯೊಳಗೆ ನಕ್ಕದ್ದನ್ನು ಕಂಡವರಿರಲಿಲ್ಲ. ಇಂಥವರು ನಲವತ್ತನಾಲ್ಕನೇ ವಯಸ್ಸಿನಲ್ಲಿ ರೈಫಲ್ ಹಿಡಿಯುವಂತಾದದ್ದು ಒಂದು ತೂತುಬಿದ್ದ ಕಾಗದದ ದೆಸೆಯಿಂದ.

ಕಾಗದ ಡ್ರಿಲ್ ಮಾಸ್ತರದು. ಅವರು ತಿಂಗಳಿಗೆ ಎರಡು ಭಾನುವಾರ ಊರಾಚೆಯ ಶಿಬಿರಕ್ಕೆ ಹೋಗಿ ಸಮವಸ್ತ್ರ ತೊಡುವ ಅರೆಕಾಲಿಕ ಸೈನಿಕ. ಸೋಮವಾರ ಬೆಳಗಾದರೆ ತಾವು ಗುಂಡು ಹೊಡೆದ ಗುರಿಯ ಕಾಗದವನ್ನು ಸ್ಟಾಫ್ ರೂಮಿನ ಬೋರ್ಡಿಗೆ ಚುಚ್ಚುತ್ತಿದ್ದರು. ಚುಚ್ಚಲು ಅವರಿಗೆ ಸಿಗುತ್ತಿದ್ದ ಜಾಗವೋ, ಟೀಚರು ಸ್ಕೇಲು ಹಿಡಿದು ಗೆರೆ ಎಳೆದ ಟೈಮ್‌ಟೇಬಲ್ಲಿನ ನೆತ್ತಿ.

ಒಂದು ಸೋಮವಾರ ಟೀಚರು ಕಾಗದದ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. “ಮಾಸ್ತ್ರೇ, ತೂತೆಲ್ಲ ಬಲಕ್ಕೆ, ಕೆಳಕ್ಕೆ ಬಿದ್ದಿವೆಯಲ್ಲ. ಗುಂಡು ಹಾರೋ ಹೊತ್ತಿಗೆ ಬೆಚ್ಚಿ ಬೀಳ್ತೀರಾ?”

ಬಿಸ್ಕತ್ತು ಅದ್ದುತ್ತಿದ್ದ ಹಿಂದಿ ಟೀಚರ ಬಿಸ್ಕತ್ತು ಚಹಾದೊಳಗೇ ಮುಳುಗಿಹೋಯಿತು.

“ಹೇಳೋದು ಸುಲಭ ಟೀಚರ್. ಬಂದು ಹೊಡೆದು ತೋರಿಸಿ,” ಎಂದರು ಮಾಸ್ತರು.

“ಅದರಲ್ಲೇನಿದೆ? ಕೋನ, ದೂರ. ಅಷ್ಟೇ ತಾನೆ?”

ಮಾತು ಬಾಯಿಂದ ಬಿದ್ದಿತ್ತು, ಬಾಚಿಕೊಳ್ಳುವ ಹಾಗಿರಲಿಲ್ಲ. ಆ ಅರೆಕಾಲಿಕ ಸೈನ್ಯ ಸೇರಲು ವಯಸ್ಸಿನ ಮಿತಿ ನಲವತ್ತೈದು. ಎಂಟು ತಿಂಗಳು ಬಾಕಿ ಇತ್ತು. ಟೀಚರು ಅರ್ಜಿ ಹಾಕಿದರು, ಓಡಿದರು, ಏದುಸಿರು ಬಿಟ್ಟರು, ಪಾಸಾದರು. ಕೊಟ್ಟ ಬೂಟು ಒಂದು ಸೈಜು ದೊಡ್ಡದಿತ್ತು. ಎರಡು ಜೊತೆ ಕಾಲುಚೀಲ ಹಾಕಿ ಅದನ್ನೂ ದಾರಿಗೆ ತಂದರು.

ಗುರಿ ಹೊಡೆಯುವ ಮೈದಾನದಲ್ಲಿ ಹೊಸಬರಿಗೆ ಕಲಿಸುವವನು ಒಬ್ಬ ಹವಾಲ್ದಾರ. ಟೀಚರಿಗಿಂತ ಹತ್ತು ವರ್ಷ ಚಿಕ್ಕವನು. ಅವರು ಮರಳುಮೂಟೆಯ ಹಿಂದೆ ಬೋರಲು ಮಲಗಿ ರೈಫಲಿನ ಹಿಡಿಯನ್ನು ಬಲಭುಜಕ್ಕೊತ್ತಿ, ಕೆನ್ನೆ ಆನಿಸಿ, ಅರ್ಧ ಉಸಿರು ಬಿಟ್ಟು ತಡೆದದ್ದು ಕಂಡು ಅವನಿಗೆ ಖುಷಿಯಾಯಿತು.

“ಭೇಷ್ ಮೇಡಂ! ಇನ್ನು ಎಡಗಣ್ಣು ಮುಚ್ಚಿ.”

ಟೀಚರು ಎಡಗಣ್ಣು ಮುಚ್ಚಿದರು. ಬಲಗಣ್ಣೂ ಜೊತೆಗೇ ಮುಚ್ಚಿಕೊಂಡಿತು.

“ಒಂದೇ ಕಣ್ಣು ಮೇಡಂ.”

“ಒಂದನ್ನೇ ಮುಚ್ತಿದೀನಿ. ಇನ್ನೊಂದು ತಾನಾಗಿ ಹೋಗ್ತಿದೆ.”

ಅಂದು ಹಾರಿಸಿದ ಹತ್ತು ಗುಂಡುಗಳೂ ಎಲ್ಲಿ ಹೋದವೋ ದೇವರೇ ಬಲ್ಲ. ಪಕ್ಕದಲ್ಲಿ ಮಲಗಿದ್ದ ಡ್ರಿಲ್ ಮಾಸ್ತರ ಹೊಟ್ಟೆ ನಗುವಿಗೆ ಕುಣಿಯುತ್ತಿದ್ದದ್ದರಿಂದ ಅವರದೂ ಎರಡು ತಪ್ಪಿದವು. ಹವಾಲ್ದಾರ ಕಣ್ಣಿಗೆ ಕಟ್ಟಲು ಕರಿಯ ಪಟ್ಟಿ ತಂದ. “ನಾನೇನು ಕಡಲ್ಗಳ್ಳಿನಾ?” ಎಂದು ಟೀಚರು ಗದರಿದರು. ಅವನು ತಲೆ ಕೆರೆದುಕೊಂಡು, “ಹಾಗಾದ್ರೆ ಮೇಡಂ, ಗುರಿ ಹೊಡೆಯೋಕೆ ಮೊದಲು ನೀವು ಕಣ್ಣು ಹೊಡೆಯೋದು ಕಲೀಬೇಕು” ಎಂದ. ಅಂದದ್ದೇನು ಎಂದು ತಲೆಗೆ ಹೊಳೆದೊಡನೆ ಕಿವಿಯವರೆಗೂ ಕೆಂಪಾದ.

ಮನೆಯಲ್ಲಿ ಟೀಚರು ಕೈ ತೊಳೆಯುವ ಜಾಗದ ಕನ್ನಡಿಯ ಮುಂದೆ ಮುಖ ಕಿವುಚುತ್ತ ನಿಂತದ್ದನ್ನು ಅತ್ತೆ ಎರಡು ದಿನ ನೋಡಿದರು. ಮೂರನೇ ದಿನ ಕೇಳಿಯೇಬಿಟ್ಟರು.

“ಹಲ್ಲು ನೋವೇನೇ?”

“ಇಲ್ಲ ಅತ್ತೆ. ಒಂದೇ ಕಣ್ಣು ಮುಚ್ಚೋಕೆ ಬರ್ತಿಲ್ಲ.”

“ಅಯ್ಯೋ, ಇಷ್ಟೇನಾ? ಕೂತ್ಕೋ.”

ಅತ್ತೆ ಮೂವತ್ತು ವರ್ಷ ನೆರೆಮನೆಯ ನಿವೃತ್ತ ನರ್ಸ್ ಜೊತೆ ಜೋಡಿಯಾಗಿ ಇಸ್ಪೀಟು ಆಡಿದವರು. ಎಡಗಣ್ಣು ಹೊಡೆದರೆ ಕೈಯಲ್ಲಿ ಎಕ್ಕ, ಬಲಗಣ್ಣು ಹೊಡೆದರೆ ರಾಣಿ, ಮೂಗು ಕೆರೆದರೆ ಒಳ್ಳೆಯ ಎಲೆ ಒಂದೂ ಇಲ್ಲ. ಬೀದಿಯಲ್ಲಿ ಆ ಜೋಡಿಯನ್ನು ಸೋಲಿಸಿದವರಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಈ ಕಳ್ಳಾಟ ಸೊಸೆಗೆ ತಿಳಿದದ್ದು ಅಂದೇ.

“ಕೆನ್ನೆ ಮೇಲೆತ್ತು, ಹುಬ್ಬು ಇಳಿಸು. ಹಲ್ಲು ಕಚ್ಬೇಡ್ವೇ! ಎದುರಿಗಿರೋರಿಗೆ ಗೊತ್ತಾದ್ರೆ ಆಟ ಕೆಡುತ್ತೆ.” ಅತ್ತೆ ಬಟಾಣಿ ಸುಲಿಯುತ್ತಲೇ ಪಾಠ ನಡೆಸಿದರು. “ಬಲಗಣ್ಣಾದ್ರೆ ಎಷ್ಟು ಲಕ್ಷಣವಾಗಿ ಮುಚ್ತೀಯ. ಎಡದ್ದೇ ಯಾಕೆ ಹೀಗೆ ಹಟ ಮಾಡುತ್ತೋ.”

ಎಡದ ಹಟ ಇಳಿಯಲು ಎರಡು ವಾರ ಬೇಕಾಯಿತು. ಆಮೇಲೆ ಐದು ಎಣಿಸುವಷ್ಟು ಹೊತ್ತು ಮುಚ್ಚಿಟ್ಟುಕೊಳ್ಳುವ ಅಭ್ಯಾಸ. ಟೀಚರು ಬಸ್ಸಿನಲ್ಲಿ ಮಾಡಿದರು, ಹಾಲಿನಂಗಡಿಯಲ್ಲಿ ಮಾಡಿದರು. ಹಾಲಿನಂಗಡಿಯವನು ಅಂದಿನಿಂದ ಅವರನ್ನು ಕಂಡರೆ ಒಳಗೆ ಹೋಗಿ ಹೆಂಡತಿಯನ್ನು ಗಲ್ಲಾಪೆಟ್ಟಿಗೆಗೆ ಕಳಿಸತೊಡಗಿದ.

ಒಂಬತ್ತನೇ ತರಗತಿಗೆ ಕಿರುಪರೀಕ್ಷೆ ಇದ್ದ ದಿನ ಟೀಚರು ಬೆಂಚುಗಳ ನಡುವೆ ಅಡ್ಡಾಡುತ್ತ, ಮೈಮರೆತು, ಅದನ್ನೇ ಮಾಡುತ್ತಿದ್ದರು. ಸರಿಯಾಗಿ ಅದೇ ಗಳಿಗೆಗೆ ಮೂರನೇ ಬೆಂಚಿನ ಎರಡು ಜಡೆಯ ಹುಡುಗಿ ತಲೆಯೆತ್ತಿದಳು. ಶೇಷಸೊನ್ನೆ ಟೀಚರು ತನಗೆ ಕಣ್ಣು ಹೊಡೆದರು! ಹುಡುಗಿ ಪಕ್ಕದವಳ ಪಕ್ಕೆಗೆ ತಿವಿದಳು, ಪಕ್ಕದವಳು ಹಿಂದಿನವಳಿಗೆ. ಟೀಚರು ಕಿಟಕಿಯಾಚೆಯ ದೀಪದ ಕಂಬಕ್ಕೆ ಗುರಿಯಿಟ್ಟು ಐದು ಎಣಿಸುವಷ್ಟರಲ್ಲಿ ಇಡೀ ತರಗತಿಗೆ ಅಪ್ಪಣೆ ಸಿಕ್ಕಿಹೋಗಿತ್ತು.

ಮರುದಿನ ಮೂವತ್ತೆಂಟು ಉತ್ತರ ಪತ್ರಿಕೆಗಳಲ್ಲಿ ಏಳನೇ ಲೆಕ್ಕಕ್ಕೆ ಒಂದೇ ಉತ್ತರ: ತೊಟ್ಟಿ ತುಂಬಲು ಮೈನಸ್ ನಾಲ್ಕು ಗಂಟೆ.

“ಅಂದ್ರೆ ನಲ್ಲಿ ತಿರುಗಿಸೋಕೆ ನಾಲ್ಕು ಗಂಟೆ ಮೊದಲೇ ತೊಟ್ಟಿ ತುಂಬಿತ್ತು,” ಎಂದರು ಟೀಚರು. “ಯಾರು ಹೇಳಿದ್ದು ನಿಮಗೆ, ಕಾಪಿ ಹೊಡೀರಿ ಅಂತ?”

ಎರಡು ಜಡೆಯ ಹುಡುಗಿ ಎದ್ದು ನಿಂತಳು. “ನೀವೇ ಟೀಚರ್. ಕಣ್ಣು ಹೊಡೆದ್ರಲ್ಲ.”

ಬೆತ್ತ ಹಿಡಿಯೋಣವೆಂದರೆ ತಪ್ಪು ಶುರುವಾದದ್ದು ತಮ್ಮ ಮುಖದಿಂದಲೇ. ಟೀಚರು ಕುರ್ಚಿ ಎಳೆದು ಕೂತು, ಸೈನ್ಯ, ಮರಳುಮೂಟೆ, ಹಟಮಾರಿ ಕಣ್ಣು ಎಲ್ಲವನ್ನೂ ಹೇಳಿದರು. ನಂಬಲಿ ಎಂದು ಮುಚ್ಚಿಯೂ ತೋರಿಸಿದರು. ತರಗತಿ ಹೋ ಎಂದಿತು. ಎಡಗಣ್ಣು ಯಾರಿಗೆ ಬರುತ್ತೆ, ಬಲಗಣ್ಣು ಯಾರಿಗೆ ಬರುತ್ತೆ ಎಂದು ಮೂವತ್ತೆಂಟು ಮಂದಿಯೂ ಪ್ರಯತ್ನಿಸತೊಡಗಿದರು. ಗದ್ದಲ ಕೇಳಿ ಬಂದ ಹೆಡ್ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. ಇಡೀ ಒಂಬತ್ತನೇ ತರಗತಿ ಅವರಿಗೆ ಕಣ್ಣು ಹೊಡೆಯುತ್ತಿತ್ತು.

“ಇದು ಯಾವ ಪಾಠ ಟೀಚರ್?”

“ಕೋನಮಾಪನ, ಮೇಡಂ.”

ಹೆಡ್ ಮೇಡಂ “ಬಾಗಿಲು ಹಾಕ್ಕೊಂಡು ಮಾಡಿ,” ಎಂದು ಹೊರಟುಹೋದರು. ಶುಕ್ರವಾರ ಮರುಪರೀಕ್ಷೆ ನಡೆಯಿತು. ಆವತ್ತು ಟೀಚರು ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು.

ಮುಂದಿನ ಭಾನುವಾರ ಅವರು ಎಡಗಣ್ಣನ್ನು ಮುಚ್ಚಿ ಗತ್ತಿನಿಂದ ಮಲಗಿದರು. ಹತ್ತು ಗುಂಡು ಹಾರಿತು. ಕಾಗದದಲ್ಲಿ ಒಂದೂ ಇಲ್ಲ! ಆದರೆ ಹಲಗೆಯ ಎಡ ಚೌಕಟ್ಟಿನಲ್ಲಿ ಹತ್ತೂ ತೂತು ಒಂದು ಅಂಗೈಯಗಲದೊಳಗೆ ಗುಂಪುಗೂಡಿದ್ದವು. ಹವಾಲ್ದಾರ ಅದನ್ನೇ ದಿಟ್ಟಿಸಿದ.

“ಕೈ ಕಲ್ಲಿನ ಹಾಗಿದೆ ಮೇಡಂ. ಏಟಿನ ಹೊತ್ತಿಗೆ ಎಡಗಣ್ಣು ಕಳ್ಳತನದಲ್ಲಿ ತೆರೀತಿದೆ. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಆ ಕೆಂಪು ಬಾವುಟ ನೋಡಿ. ಈಗ ಎಡಗಣ್ಣು ಮುಚ್ಚಿ.”

“ಬಾವುಟ ಕಾಣ್ತಿಲ್ಲ.”

“ಬಲಗಣ್ಣು ಮುಚ್ಚಿ.”

“ಕಾಣ್ತಿದೆ.”

ಹವಾಲ್ದಾರ ಹಣೆ ಚಚ್ಚಿಕೊಂಡ. “ನಿಮಗೆ ಎಡಗಣ್ಣೇ ಯಜಮಾನ ಮೇಡಂ, ಗುರಿ ಹಿಡಿಯೋದು ಅದೇ. ಮೊದಲ ದಿನವೇ ನೋಡ್ಬೇಕಿತ್ತು, ತಪ್ಪು ನಂದೇ.”

“ಅಂದ್ರೆ ಇಷ್ಟು ದಿನ ಯಜಮಾನನ್ನ ಆಚೆ ನೂಕಿ ಬಾಗಿಲು ಹಾಕ್ತಿದ್ನಾ?”

“ಹೌದು. ಎಡಭುಜಕ್ಕೆ ತಗೊಳ್ಳಿ. ಎರಡೂ ಕಣ್ಣು ಬಿಟ್ಕೊಂಡೇ ಹೊಡೀರಿ.”

ಟೀಚರು ಅವನನ್ನು ನೋಡಿದ ನೋಟಕ್ಕೆ ಒಂಬತ್ತನೇ ತರಗತಿಯಾಗಿದ್ದರೆ ಅಳುತ್ತಿತ್ತು. ಆದರೂ ಭುಜ ಬದಲಿಸಿದರು. ಬಲಮಗ್ಗುಲಿಗೆ ಚಿಮ್ಮುವ ಖಾಲಿ ತೋಟೆಗಳು ಈಗ ಮುಖದ ಮುಂದೆಯೇ ಹಾರುತ್ತಿದ್ದವು. ಒಂದು ಬಿಸಿಬಿಸಿಯಾಗಿ ಅಂಗಿಯ ತೋಳಿನೊಳಗೆ ಇಳಿದಾಗ ಗಣಿತದ ಪುಸ್ತಕದಲ್ಲಿಲ್ಲದ ಒಂದು ಶಬ್ದ ಅವರ ಬಾಯಿಂದ ಬಂತು. ತಿಂಗಳು ಕಳೆದು ನಡೆದ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹನ್ನೆರಡು ಬಿದ್ದರೆ ಪಾಸು. ಟೀಚರದು ಹದಿನಾರು, ಡ್ರಿಲ್ ಮಾಸ್ತರದು ಹದಿನೆಂಟು.

“ನೀವಂದದ್ದು ನಿಜ ಟೀಚರ್,” ಎಂದು ಮಾಸ್ತರು ಬೂಟಿನ ದಾರ ಬಿಗಿಯುತ್ತ ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. “ಬೆಚ್ಚಿ ಬೀಳ್ತಿದ್ದೆ. ಈಗ ಬಿಟ್ಟಿದೀನಿ.” ಎರಡು ಅಂಕ ಹಿಂದೆ ಬಿದ್ದರೂ ಟೀಚರಿಗೆ ಗೆದ್ದಷ್ಟೇ ಹಿಗ್ಗಾಯಿತು.

ಹಿಂದಿರುಗುವ ಲಾರಿಯಲ್ಲಿ ಟೀಚರು ಬಾಯಿ ತೆರೆದು ನಿದ್ದೆ ಹೋದರು. ಇಳಿಯುವ ಜಾಗ ಬಂದಾಗ ಮಾಸ್ತರು ಎಬ್ಬಿಸಲಿಲ್ಲ. ಒಳಗೊಳಗೇ ನಗುತ್ತ ಸದ್ದಿಲ್ಲದೆ ತಾವು ಇಳಿದುಕೊಂಡರು. ಎಚ್ಚರವಾದಾಗ ಟೀಚರು ಲಾರಿ ನಿಲ್ಲಿಸುವ ಡಿಪೋದಲ್ಲಿದ್ದರು. ಮಾಸ್ತರ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡುತ್ತ, ಮಣ್ಣು ಮೆತ್ತಿದ ಮೊಣಕೈ, ಎಣ್ಣೆ ವಾಸನೆಯ ಅಂಗೈ, ಗುಂಯ್‌ಗುಡುವ ಕಿವಿ ಹೊತ್ತು ಎರಡು ಮೈಲಿ ನಡೆದರು. ಪೇಟೆಬೀದಿಯ ತಿರುವಿನಲ್ಲಿ ಹರಟುತ್ತಿದ್ದ ಅವರ ಹಳೆಯ ವಿದ್ಯಾರ್ಥಿಗಳು ನಾಲ್ಕು ಮಂದಿ, ಮೀಸೆ ಬಂದವರು, ಅವರನ್ನು ಕಂಡು ದಡಬಡಿಸಿ ಎದ್ದು ನಿಂತರು. ಎದ್ದದ್ದು ಸಮವಸ್ತ್ರಕ್ಕೋ ಟೀಚರಿಗೋ ತಿಳಿಯಲಿಲ್ಲ. ಟೀಚರು ಎರಡರ ಪರವಾಗಿಯೂ ಒಂದು ಸೆಲ್ಯೂಟ್ ಹೊಡೆದು, ದೊಡ್ಡ ಬೂಟು ಟಕಟಕ ಎನಿಸುತ್ತ ಮನೆಯ ಕಡೆ ತಿರುಗಿದರು.